ಒಂದೇ ಕಾಗದದಲ್ಲಿ ಮನೆಯೂ ಹೊಲವೂ

1933ರ ಜನವರಿ 4ರಂದು ಅಮೆರಿಕದ ಅಯೋವಾ ರಾಜ್ಯದ ಲೆ ಮಾರ್ಸ್ ಎಂಬ ಊರಿನಲ್ಲಿ, ಕೋರ್ಟಿನ ಎದುರು, ಒಬ್ಬ ರೈತನ ಜಮೀನು ಹರಾಜಿಗೆ ಬಂತು. ಸಾಲ ಕೊಟ್ಟಿದ್ದು ನ್ಯೂಯಾರ್ಕ್ ಲೈಫ್ ವಿಮಾ ಕಂಪನಿ. ಬಾಕಿ ಸುಮಾರು 33,000 ಡಾಲರ್. ಕಂಪನಿಯ ಪರವಾಗಿ ಬಂದಿದ್ದ ವಕೀಲರು 30,000ಕ್ಕೆ ಸವಾಲು ಕೂಗಿದರು. ನೆರೆದಿದ್ದ ನೂರಾರು ರೈತರು ಅವರನ್ನು ಸುತ್ತುವರಿದರು, ನೇಣಿನ ಮಾತೂ ಬಂತು. ಪೂರ್ತಿ ಬಾಕಿಯ ಮೊತ್ತಕ್ಕೇ ಕೂಗಲು ಒಪ್ಪಿಗೆ ಕೊಡಿ, ನನ್ನ ಕುತ್ತಿಗೆಗೆ ಸಂಚಕಾರ ಬಂದಿದೆ ಎಂದು ವಕೀಲರು ನ್ಯೂಯಾರ್ಕಿಗೆ ತಂತಿ ಕಳಿಸಿದರು. ಒಪ್ಪಿಗೆ ಬಂತು. ಹರಾಜು ಮುಗಿಯಿತು.

ಇದನ್ನು ಮೊದಲ ಸಲ ಓದಿದಾಗ ನಮಗೆ ಅರ್ಥವಾಗದೆ ಉಳಿದದ್ದು ಒಂದೇ: ಜಮೀನು ಹೇಗೂ ಹೋಯಿತಲ್ಲ? 30,000ಕ್ಕೆ ಹೋದರೇನು, 33,000ಕ್ಕೆ ಹೋದರೇನು? ಇಷ್ಟು ಜನ ಚಳಿಗಾಲದಲ್ಲಿ ಬಂದು ನಿಂತು ಒಬ್ಬ ವಕೀಲನ ಪ್ರಾಣಕ್ಕೆ ಕೈ ಹಾಕುವಂಥದ್ದು ಆ 3,000 ಡಾಲರಿನಲ್ಲಿ ಏನಿತ್ತು?

ಅದರ ಉತ್ತರ ಅಡಮಾನ ಪತ್ರದ ಒಳಗಿದೆ. ಆಗಿನ ಪದ್ಧತಿಯಲ್ಲಿ ಹರಾಜಿನ ಹಣ ಸಾಲಕ್ಕಿಂತ ಕಡಿಮೆಯಾದರೆ ಉಳಿದ ಬಾಕಿಗೆ ಕೋರ್ಟಿನಿಂದ ಇನ್ನೊಂದು ಡಿಕ್ರಿ ತರಬಹುದಿತ್ತು. ಜಮೀನು ಹೋದ ಮೇಲೂ ಆ ಬಾಕಿ ರೈತನ ಬೆನ್ನ ಮೇಲೆ ಇರುತ್ತಿತ್ತು. ಅವನು ಇನ್ನೊಂದು ಊರಿಗೆ ಹೋಗಿ ಗೇಣಿಗೆ ಜಮೀನು ಹಿಡಿದರೆ ಅವನ ಹಂದಿ, ಕುದುರೆ, ಬೆಳೆಯ ಮೇಲೆ ಅದು ಬಂದು ಕೂರುತ್ತಿತ್ತು. ಹರಾಜಿನಲ್ಲಿ ಕೂಗುವವರು ಬೇರೆ ಯಾರೂ ಇಲ್ಲದಾಗ ಸಾಲ ಕೊಟ್ಟವರೇ ಕೊಳ್ಳುವವರು, ಬೆಲೆ ಕಟ್ಟುವವರೂ ಅವರೇ. ರೈತರು ಕೇಳಿದ್ದು ಜಮೀನನ್ನಲ್ಲ, ಬರಿಗೈಯಲ್ಲಿ ಹೊರಡುವ ಹಕ್ಕನ್ನು.

ಲೆ ಮಾರ್ಸ್ ಇರುವುದು ಪ್ಲಿಮತ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಆಡಳಿತ ಘಟಕ ಎಂದುಕೊಳ್ಳಬಹುದು. ಇದು ರಾಜ್ಯದ ವಾಯವ್ಯಕ್ಕಿದೆ. ಪಶ್ಚಿಮಕ್ಕೆ ಬಿಗ್ ಸೂ ನದಿ, ಅದರಾಚೆ ದಕ್ಷಿಣ ಡಕೋಟಾ. ದಕ್ಷಿಣಕ್ಕೆ ದನ, ಹಂದಿಗಳ ದೊಡ್ಡ ಸಂತೆಯಿದ್ದ ಸೂ ಸಿಟಿ. ಮೆಕ್ಕೆಜೋಳದ ನಾಡು. ಈಗಲೂ ಇಡೀ ಕೌಂಟಿಯ ಜನಸಂಖ್ಯೆ 25 ಸಾವಿರದ ಆಸುಪಾಸು. ಊರಿನ ಹೆಸರಿನದೇ ಒಂದು ಕಥೆ. 1869ರಲ್ಲಿ ಹೊಸ ರೈಲು ದಾರಿ ನೋಡಲು ಬಂದ ತಂಡದಲ್ಲಿದ್ದ ಹೆಂಗಸರ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ 'ಲೆ ಮಾರ್ಸ್' ಎಂದು ಕರೆದರಂತೆ. ಕೇಳಿದರೆ ಫ್ರೆಂಚ್ ಅನ್ನಿಸುತ್ತದೆ, ಫ್ರಾನ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಈ ಕೌಂಟಿಯಲ್ಲಿ ಸಾಲ ಬರಗಾಲದಲ್ಲಿ ಬಂದ ಅತಿಥಿಯಲ್ಲ, ಊರು ಕಟ್ಟಿದವರ ಜೊತೆಗೇ ಬಂದದ್ದು. 1870ರ ದಶಕದಲ್ಲಿ ಮಿಡತೆಗಳ ದಂಡು ವರ್ಷ ವರ್ಷವೂ ಬಂದು ಬೆಳೆ ತಿಂದುಹಾಕಿತು. ಜಮೀನಿನ ಬೆಲೆ ಬಿತ್ತು. ಆ ಹೊತ್ತಿಗೆ ಬಂದವರು ಇಂಗ್ಲೆಂಡಿನ ಕ್ಲೋಸ್ ಸಹೋದರರು. ಅವರಲ್ಲಿ ವಿಲಿಯಂ ಕ್ಲೋಸ್ ಕೇಂಬ್ರಿಡ್ಜ್‌ನಲ್ಲಿ ದೋಣಿ ಓಟದ ಆಟಗಾರ, 1876ರಲ್ಲಿ ಫಿಲಡೆಲ್ಫಿಯಾದ ಪಂದ್ಯಕ್ಕೆಂದು ಅಮೆರಿಕಕ್ಕೆ ಬಂದವನು. ಅಣ್ಣತಮ್ಮಂದಿರು ಅಗ್ಗಕ್ಕೆ ಸಿಕ್ಕ ಹುಲ್ಲುಗಾವಲನ್ನು ಸಾವಿರಾರು ಎಕರೆ ಲೆಕ್ಕದಲ್ಲಿ ಕೊಂಡು, ಇಂಗ್ಲೆಂಡಿನ ಉಳ್ಳವರ ಮನೆಯ ಕಿರಿಯ ಮಕ್ಕಳಿಗೆ ಮಾರತೊಡಗಿದರು. ಹಿರಿಯ ಮಗನಿಗೆ ಆಸ್ತಿ ಹೋಗುವ ದೇಶದಲ್ಲಿ ಕಿರಿಯರಿಗೆ ಏನಾದರೂ ದಾರಿ ಬೇಕಿತ್ತು. ಹೀಗೆ ಬಂದವರು ಲೆ ಮಾರ್ಸ್‌ನಲ್ಲಿ ಪೋಲೋ ಆಡಿದರು, ಕುದುರೆ ಓಡಿಸಿದರು, ತಾವು ಕುಡಿಯುವ ಅಂಗಡಿಗೆ 'ಹೌಸ್ ಆಫ್ ಲಾರ್ಡ್ಸ್' ಎಂದು ಹೆಸರಿಟ್ಟುಕೊಂಡರು. ಈ ಕೌಂಟಿಯಲ್ಲೇ ಹುಟ್ಟಿ ಬೆಳೆದ ಕರ್ಟಿಸ್ ಹಾರ್ನ್ಯಾಕ್ ಇವರ ಮೇಲೆ 1985ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಪೋಲೋ ಬಹಳ ಕಾಲ ಉಳಿಯಲಿಲ್ಲ. ಉಳಿದದ್ದು ವ್ಯವಹಾರ. ಕ್ಲೋಸ್ ಸಹೋದರರು ಜಮೀನು ಮಾರುವುದರಿಂದ ಜಮೀನಿನ ಮೇಲೆ ಸಾಲ ಕೊಡುವುದಕ್ಕೆ ಸರಿದರು: ಲಂಡನ್ನಿನಲ್ಲಿ ಕಡಿಮೆ ಬಡ್ಡಿಗೆ ಸಿಗುವ ಹಣ, ಅಯೋವಾದಲ್ಲಿ ಹೆಚ್ಚಿನ ಬಡ್ಡಿಗೆ ಅಡಮಾನ. ಅವರ ಹೆಸರಿನ ಬ್ಯಾಂಕು ಇಂದಿಗೂ ಲಂಡನ್ನಿನಲ್ಲಿದೆ. ಹೊಲದಲ್ಲಿ ದುಡಿದವರು ಬಹುತೇಕ ಜರ್ಮನ್ನರು, ರೆಮ್ಸೆನ್ ಕಡೆ ಲಕ್ಸೆಂಬರ್ಗ್‌ನಿಂದ ಬಂದವರು. ಅವರಿಗೆ ಪೋಲೋ ಗೊತ್ತಿರಲಿಲ್ಲ, ಬಡ್ಡಿ ಗೊತ್ತಿತ್ತು.

ಆಗಿನ ಅಡಮಾನ ಈಗಿನ ಮನೆ ಸಾಲದ ಹಾಗಿರಲಿಲ್ಲ. ಸಾಮಾನ್ಯವಾಗಿ ಐದು ವರ್ಷದ ಗಡುವು. ಅಷ್ಟೂ ವರ್ಷ ಬಡ್ಡಿ ಮಾತ್ರ ಕಟ್ಟುವುದು, ಗಡುವಿನ ದಿನ ಅಸಲು ಪೂರ್ತಿ. ಅಷ್ಟು ಹಣ ಯಾರ ಹತ್ತಿರವೂ ಇರುತ್ತಿರಲಿಲ್ಲವಾದ್ದರಿಂದ ಸಾಲವನ್ನು ನವೀಕರಿಸಿಕೊಳ್ಳುವುದು, ದಲ್ಲಾಳಿಗೆ ಮತ್ತೊಮ್ಮೆ ಕಮಿಷನ್ ಕೊಡುವುದು. ಒಳ್ಳೆಯ ಕಾಲದಲ್ಲಿ ಇದು ಉಸಿರಾಟದಷ್ಟು ಸಹಜವಾಗಿ ನಡೆಯುತ್ತಿತ್ತು. ಕೆಟ್ಟ ಕಾಲದಲ್ಲಿ ಗಡುವು ಬಂದವನು ಸತ್ತ, ಎರಡು ವರ್ಷದ ಮೇಲೆ ಗಡುವು ಇದ್ದವನು ಬದುಕಿದ. ಇಬ್ಬರ ದುಡಿಮೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹೊಲದ ಮಧ್ಯೆ ಇದ್ದ ಮನೆಗೆ ಬೇರೆ ಕಾಗದ ಇರಲಿಲ್ಲ. ಅಯೋವಾ ಕಾನೂನಿನಲ್ಲಿ 19ನೇ ಶತಮಾನದಿಂದಲೂ 'ಹೋಮ್‌ಸ್ಟೆಡ್' ಎಂಬ ರಕ್ಷಣೆ ಇದೆ. ಊರೊಳಗಾದರೆ ಅರ್ಧ ಎಕರೆ, ಹಳ್ಳಿಯಲ್ಲಾದರೆ 40 ಎಕರೆ, ಅದರಲ್ಲಿರುವ ವಾಸದ ಮನೆ ಸಮೇತ. ಅಂಗಡಿ ಬಾಕಿ, ಕೈಸಾಲದಂಥವಕ್ಕೆ ಅದನ್ನು ಜಪ್ತಿ ಮಾಡುವಂತಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಅಡಮಾನಕ್ಕೆ ಸಹಿ ಹಾಕಿದರೆ ಆ ರಕ್ಷಣೆ ಅಡಮಾನದ ಮುಂದೆ ನಿಲ್ಲುವುದಿಲ್ಲ. ಹೆಂಡತಿಯ ಸಹಿ ಬೇಕೇ ಬೇಕು ಎಂಬ ನಿಯಮ ಅವಳ ಒಳಿತಿಗೇ ಬಂದದ್ದು. ಆದರೆ ಸಹಿ ಇಲ್ಲದಿದ್ದರೆ ಸಾಲವೇ ಇಲ್ಲ ಎಂದಾಗ ಯಾವ ಹೆಂಗಸು ಬೇಡ ಎನ್ನುತ್ತಾಳೆ? 160 ಎಕರೆಗೆ ಸಾಲ ತೆಗೆದಾಗ ಅಡುಗೆಮನೆ, ಬಾವಿ, ಹಿತ್ತಲು, ಕೋಳಿಗೂಡು ಎಲ್ಲ ಅದೇ ಕಾಗದದೊಳಕ್ಕೆ ಹೋಗುತ್ತಿದ್ದವು.

1916ರಲ್ಲಿ ಕೇಂದ್ರ ಸರ್ಕಾರ ಒಂದು ಬೇರೆ ದಾರಿ ತೋರಿಸಿತು. ಆ ವರ್ಷದ ಫೆಡರಲ್ ಫಾರ್ಮ್ ಲೋನ್ ಕಾಯ್ದೆಯಂತೆ 12 ಭೂ ಬ್ಯಾಂಕುಗಳು ಹುಟ್ಟಿದವು. ಅಯೋವಾ ಸೇರಿದ್ದು ಓಮಾಹಾದ ಬ್ಯಾಂಕಿಗೆ. ರೈತರು ಸ್ಥಳೀಯ ಸಂಘ ಕಟ್ಟಿಕೊಳ್ಳಬೇಕು, ಸಾಲದ ನೂರಕ್ಕೆ ಐದರಷ್ಟು ಷೇರು ಹಣ ಹಾಕಬೇಕು. ಬಡ್ಡಿ ನೂರಕ್ಕೆ 6 ಮೀರುವಂತಿಲ್ಲ. ಸಾಲವನ್ನು 40 ವರ್ಷದವರೆಗೆ ಕಂತಿನಲ್ಲಿ, ಅಸಲು ಬಡ್ಡಿ ಕೂಡಿಸಿ, ತೀರಿಸಬಹುದು. ಕಂತಿನ ಸಾಲ ಇಂದು ನಮಗೆ ಎಷ್ಟು ಸಾಮಾನ್ಯವೆಂದರೆ ಅದನ್ನೂ ಯಾರೋ ಒಂದು ದಿನ ಕಾನೂನು ಮಾಡಿ ಹಳ್ಳಿಗೆ ತರಬೇಕಾಯಿತು ಎನ್ನುವುದು ಮರೆತೇ ಹೋಗಿದೆ. ಆದರೆ ಅದರ ಮಿತಿ 10,000 ಡಾಲರ್. ಅಯೋವಾದ ಕರಿಮಣ್ಣಿಗೆ ಆ ಹೊತ್ತಿಗೆ ಬಂದಿದ್ದ ಬೆಲೆಯ ಮುಂದೆ ಅದು ಸಾಲುತ್ತಿರಲಿಲ್ಲ. ದೊಡ್ಡ ಸಾಲಗಳು ವಿಮಾ ಕಂಪನಿಗಳ ಹತ್ತಿರವೇ ಉಳಿದವು.

ಮೊದಲ ಮಹಾಯುದ್ಧದ ಧಾರಣೆ ಜನರ ತಲೆ ತಿರುಗಿಸಿತು. 1920ರಲ್ಲಿ ಅಯೋವಾದಲ್ಲಿ ಎಕರೆಗೆ ಸರಾಸರಿ 255 ಡಾಲರ್ ಇದ್ದ ಬೆಲೆ 1933ಕ್ಕೆ 69 ಡಾಲರಿಗೆ ಬಿತ್ತು. ಈ ಅಂಕಿಗಳನ್ನು ಓದಿ ಮುಂದೆ ಹೋಗುವುದು ಸುಲಭ. ನಾವು ಒಂದು ಲೆಕ್ಕ ಹಾಕಿ ನೋಡಿದೆವು. 1920ರಲ್ಲಿ ಸರಾಸರಿ ಬೆಲೆಗೆ 160 ಎಕರೆ ಕೊಂಡವನು ಕೊಟ್ಟದ್ದು 40,800 ಡಾಲರ್. ಅರ್ಧ ಸ್ವಂತದ್ದು, ಅರ್ಧ ಸಾಲ ಎಂದುಕೊಳ್ಳಿ. ಅದು ಆಗ ಬುದ್ಧಿವಂತರು ಮೆಚ್ಚುವ ಲೆಕ್ಕ. ಸಾಲ 20,400. ನೂರಕ್ಕೆ 6ರಂತೆ ವರ್ಷದ ಬಡ್ಡಿ 1,224 ಡಾಲರ್. 1932ರ ಕೊನೆಗೆ ಈ ಭಾಗದಲ್ಲಿ ಮೆಕ್ಕೆಜೋಳ ಬುಷೆಲ್‌ಗೆ 10 ಸೆಂಟಿನ ಆಸುಪಾಸಿಗೆ ಇಳಿದಿತ್ತು. ಬುಷೆಲ್ ಎಂದರೆ ಸುಮಾರು 25 ಕೆಜಿ. ಆ ಬಡ್ಡಿಗೆ 12,240 ಬುಷೆಲ್ ಬೇಕು. ಎಕರೆಗೆ 40 ಬುಷೆಲ್ ಬೆಳೆದು, 160 ಎಕರೆಯ ಮೂಲೆ ಮೂಲೆಗೂ ಜೋಳವನ್ನೇ ಹಾಕಿದರೂ ಸಿಗುವುದು 6,400. ಬೀಜ, ಕೂಲಿ, ತೆರಿಗೆ, ಊಟ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮಾರಿಬಿಡೋಣ ಎಂದರೆ ಇಡೀ ಜಮೀನಿಗೆ 11,040 ಡಾಲರ್, ಸಾಲಕ್ಕಿಂತ 9,360 ಕಡಿಮೆ. ಕಲ್ಲಿದ್ದಲಿಗಿಂತ ಅಗ್ಗ ಎಂದು ಆ ಚಳಿಗಾಲ ಜನ ಜೋಳವನ್ನೇ ಒಲೆಗೆ ಹಾಕಿದರು.

ಇದು ಸೋಮಾರಿಗಳ ಕಥೆಯಲ್ಲ ಎಂದು ಹೇಳಲು ಈ ಲೆಕ್ಕ ಸಾಕು. ಜಮೀನಿನ ಬೆಲೆ ಬಿದ್ದಾಗ ಅದರ ಮೊದಲ ಪೆಟ್ಟು, ಎರಡನೆಯ ಪೆಟ್ಟು ಎರಡನ್ನೂ ರೈತನೇ ತಿನ್ನುವಂತೆ ಆ ಕಾಗದ ಬರೆಯಲಾಗಿತ್ತು. ಅವನ ಸ್ವಂತ ಹಣ ಮೊದಲು ಕರಗಿತು, ಆಮೇಲೆ ಉಳಿದ ಬಾಕಿಗೂ ಅವನೇ ಹೊಣೆ.

1932ರ ಮೇ ತಿಂಗಳಲ್ಲಿ ಡಿ ಮೊಯಿನ್ ನಗರದಲ್ಲಿ ಮೈಲೋ ರೀನೋ ನೇತೃತ್ವದಲ್ಲಿ ಫಾರ್ಮರ್ಸ್ ಹಾಲಿಡೇ ಅಸೋಸಿಯೇಷನ್ ಹುಟ್ಟಿತು. ಬ್ಯಾಂಕುಗಳು ಬಾಗಿಲು ಹಾಕಿಕೊಂಡು ಅದನ್ನು 'ರಜೆ' ಎನ್ನುತ್ತಿದ್ದ ಕಾಲ. ರೈತರೂ ರಜೆ ಹಾಕುತ್ತೇವೆ ಎಂದರು. ಆಗಸ್ಟಿನಲ್ಲಿ ಸೂ ಸಿಟಿಗೆ ಹೋಗುವ ರಸ್ತೆಗಳನ್ನೆಲ್ಲ ಅಡ್ಡಗಟ್ಟಿದರು, ಹಾಲಿನ ಕ್ಯಾನುಗಳನ್ನು ರಸ್ತೆ ಬದಿಗೆ ಸುರಿದರು. ಧಾರಣೆ ಏರಲಿಲ್ಲ. ಚಳಿ ಬಂದ ಮೇಲೆ ಜಗಳ ರಸ್ತೆಯಿಂದ ಕೋರ್ಟಿನ ಅಂಗಳಕ್ಕೆ ಬಂತು. ಅಡಮಾನದ ಗಡುವುಗಳು ಬರುತ್ತಿದ್ದವು.

ಜನವರಿ 4ರ ಹರಾಜು ನಡೆದದ್ದು ಈ ಹಿನ್ನೆಲೆಯಲ್ಲಿ. ಅದರ ಪರಿಣಾಮ ಬೇಗ ಕಂಡಿತು. ಹೊಸ ಗವರ್ನರ್ ಕ್ಲೈಡ್ ಹೆರಿಂಗ್ ಅದೇ ತಿಂಗಳು ಸಾಲ ಕೊಟ್ಟವರಿಗೆ ತಾಳಿ ಎಂದು ಕರೆ ಕೊಟ್ಟರು. ತಿಂಗಳ ಕೊನೆಗೆ ನ್ಯೂಯಾರ್ಕ್ ಲೈಫ್ ಅಯೋವಾದ ಜಮೀನುಗಳ ಮುಟ್ಟುಗೋಲನ್ನು ಸದ್ಯಕ್ಕೆ ನಿಲ್ಲಿಸಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. ಫೆಬ್ರವರಿ 17ರಂದು ರಾಜ್ಯದ ಶಾಸನಸಭೆಯ ಕಾಯ್ದೆ ಜಾರಿಗೆ ಬಂತು. ಮುಟ್ಟುಗೋಲಿನ ದಾವೆಗಳನ್ನು 1935ರ ಮಾರ್ಚ್ 1ರವರೆಗೆ ಮುಂದೂಡಬಹುದು, ಅಲ್ಲಿಯವರೆಗೆ ರೈತ ಜಮೀನಿನಲ್ಲೇ ಇರಬಹುದು, ಕೋರ್ಟು ಹೇಳಿದಷ್ಟು ಬಾಡಿಗೆಯೋ ಆದಾಯದ ಪಾಲೋ ಕಟ್ಟಬೇಕು. ಮುಂದೂಡುವುದೋ ಬೇಡವೋ ಎಂಬ ತೀರ್ಮಾನ ಮಾತ್ರ ನ್ಯಾಯಾಧೀಶರದು.

ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡು ಏಪ್ರಿಲ್ 27ಕ್ಕೆ ಬನ್ನಿ. ಬೆಳಿಗ್ಗೆ ಪಕ್ಕದ ಓಬ್ರಯನ್ ಕೌಂಟಿಯ ಪ್ರಿಮ್‌ಗಾರ್‌ನಲ್ಲಿ ಒಂದು ಹರಾಜಿನ ವಿಷಯಕ್ಕೆ ಶೆರಿಫನ ಜನರ ಜೊತೆ ಹೊಡೆದಾಟವಾಗಿತ್ತು. ಅಲ್ಲಿಂದ ಹೊರಟ ಗುಂಪಿನಲ್ಲಿ ಹಲವರು ಮಧ್ಯಾಹ್ನ ಲೆ ಮಾರ್ಸ್‌ಗೆ ಬಂದರು. ಕೋರ್ಟಿನಲ್ಲಿ ಜಡ್ಜ್ ಚಾರ್ಲ್ಸ್ ಸಿ. ಬ್ರಾಡ್ಲಿ ಕೂತಿದ್ದರು. ಮುಂದಿದ್ದದ್ದು ಹೊಸ ಕಾಯ್ದೆಗೆ ಸಂಬಂಧಿಸಿದ ವಿಚಾರಣೆಯೇ. ಗುಂಪು ಹ್ಯಾಟು ತೆಗೆಯದೆ, ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಒಳಗೆ ನುಗ್ಗಿತು. ಬ್ರಾಡ್ಲಿ ಹ್ಯಾಟು ತೆಗೆಯಿರಿ, ಸಿಗರೇಟು ಆರಿಸಿ, ಇದು ನನ್ನ ಕೋರ್ಟು ಎಂದರು. ಇನ್ನು ಮುಂದೆ ಯಾವ ಮುಟ್ಟುಗೋಲಿಗೂ ಸಹಿ ಹಾಕುವುದಿಲ್ಲ ಎಂದು ಪ್ರಮಾಣ ಮಾಡು ಎಂದರು ಇವರು. ಅವರು ಒಪ್ಪಲಿಲ್ಲ.

ಅವರನ್ನು ಪೀಠದಿಂದ ಎಳೆದು, ಕೆನ್ನೆಗೆ ಹೊಡೆದು, ಕಣ್ಣಿಗೆ ಬಟ್ಟೆ ಕಟ್ಟಿ, ಲಾರಿಗೆ ಹಾಕಿ ಊರಾಚೆಯ ಒಂದು ಕೂಡುರಸ್ತೆಗೆ ಒಯ್ದರು. ಕುತ್ತಿಗೆಗೆ ಹಗ್ಗ ಬಿಗಿದರು. ಚಕ್ರದ ಮುಚ್ಚಳದಲ್ಲಿದ್ದ ಗ್ರೀಸನ್ನು ತಲೆಗೆ ಮೆತ್ತಿದರು, ಮಣ್ಣು ಎರಚಿದರು, ಪ್ಯಾಂಟು ಬಿಚ್ಚಿಸಿದರು. ಮತ್ತೆ ಮತ್ತೆ ಅದೇ ಪ್ರಮಾಣ ಕೇಳಿದರು. ಎಲ್ಲರಿಗೂ ನ್ಯಾಯವಾಗುವಂತೆ ನಡೆದುಕೊಳ್ಳುತ್ತೇನೆ ಎಂಬುದಕ್ಕಿಂತ ಮುಂದಕ್ಕೆ ಬ್ರಾಡ್ಲಿ ಹೋಗಲಿಲ್ಲ. ಕೊನೆಗೆ ಅವರನ್ನು ರಸ್ತೆಯಲ್ಲೇ ಬಿಟ್ಟು ಗುಂಪು ಚದುರಿತು. ಗವರ್ನರ್ ಹೆರಿಂಗ್ ಕೌಂಟಿಯಲ್ಲಿ ಸೇನಾಡಳಿತ ಘೋಷಿಸಿದರು, ನ್ಯಾಷನಲ್ ಗಾರ್ಡ್ ಬಂತು, ರೈತರ ಬಂಧನಗಳಾದವು.

ರೈತ ಹೋರಾಟದ ಕಥೆ ಹೇಳುವವರು ಈ ದಿನವನ್ನು ಬೇಗ ದಾಟಿಬಿಡುತ್ತಾರೆ, ಇಲ್ಲವೇ ಅದನ್ನೇ ವೀರಗಾಥೆ ಮಾಡುತ್ತಾರೆ. ನಮಗೆ ಎರಡೂ ಸರಿಯೆನ್ನಿಸುವುದಿಲ್ಲ. ಜನವರಿಯ ಗುಂಪು ಕೇಳಿದ್ದು ನಿರ್ದಿಷ್ಟವಾದದ್ದು, ಲೆಕ್ಕಕ್ಕೆ ಸಿಗುವಂಥದ್ದು: ಬಾಕಿ ಉಳಿಸಬೇಡಿ. ಬೆದರಿಕೆ ಹಾಕಿ ಪಡೆದರು, ಅದು ನಿಜ, ಆದರೆ ಕೇಳಿದ್ದು ಏನೆಂದು ಅವರಿಗೆ ಗೊತ್ತಿತ್ತು. ಏಪ್ರಿಲ್‌ನ ಗುಂಪು ಹಗ್ಗ ಹಾಕಿದ್ದು ತಮಗೆ ಎರಡು ವರ್ಷದ ಉಸಿರು ಕೊಡುವ ಅಧಿಕಾರ ಯಾರ ಕೈಯಲ್ಲಿತ್ತೋ ಆ ಮನುಷ್ಯನ ಕುತ್ತಿಗೆಗೆ. ಸಾಲ ಕೊಟ್ಟವರು ನ್ಯೂಯಾರ್ಕಿನಲ್ಲಿದ್ದರು. ಕೈಗೆ ಸಿಗುವಷ್ಟು ಹತ್ತಿರ ಇದ್ದದ್ದು ಜಡ್ಜ್ ಒಬ್ಬರೇ.

ಸೇನೆ ಇನ್ನೂ ಕೌಂಟಿಯಲ್ಲಿದ್ದಾಗಲೋ ಹೊರಟ ಒಂದೆರಡು ದಿನದಲ್ಲೋ, ಮೇ 12ರಂದು, ವಾಷಿಂಗ್ಟನ್ನಿನಲ್ಲಿ ರೂಸ್ವೆಲ್ಟ್ ತುರ್ತು ಕೃಷಿ ಅಡಮಾನ ಕಾಯ್ದೆಗೆ ಸಹಿ ಹಾಕಿದರು. ಭೂ ಬ್ಯಾಂಕುಗಳು ಹಳೆಯ ಸಾಲವನ್ನು ತೀರಿಸಿ ಉದ್ದ ಗಡುವಿನ, ಕಡಿಮೆ ಬಡ್ಡಿಯ ಹೊಸ ಸಾಲ ಬರೆಯತೊಡಗಿದವು. ಎರಡನೆಯ ಅಡಮಾನ ಇದ್ದವರಿಗೂ 5,000 ಡಾಲರ್‌ವರೆಗೆ ಸಿಕ್ಕಿತು. ಹಳೆಯ ಸಾಲ ಕೊಟ್ಟವರು ಎಷ್ಟೋ ಕಡೆ ಬಾಕಿಯಲ್ಲಿ ಒಂದಷ್ಟು ಬಿಟ್ಟುಕೊಟ್ಟು ಇದಕ್ಕೆ ಒಪ್ಪಬೇಕಾಯಿತು. ಅಂದರೆ ಬಿದ್ದ ಬೆಲೆಯ ಪೆಟ್ಟನ್ನು ಮೊದಲ ಸಲ ಎರಡೂ ಕಡೆಯವರು ಹಂಚಿಕೊಂಡರು.

ಇಂಥ ಕಾಯ್ದೆಗಳು ಒಪ್ಪಂದವನ್ನು ಮುರಿಯುವುದಿಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಉತ್ತರದ ಮಿನ್ನೆಸೋಟಾದಿಂದ, ಹೊಲದಿಂದಲ್ಲ, ಮಿನಿಯಾಪೊಲಿಸ್ ನಗರದ ಒಂದು ಮನೆಯಿಂದ. ಕೆಲವು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ ಬ್ಲೈಸ್‌ಡೆಲ್ ದಂಪತಿಯ ಪ್ರಕರಣದಲ್ಲಿ 1934ರ ಜನವರಿ 8ರಂದು ಕೋರ್ಟು ಐವರಿಗೆ ನಾಲ್ವರಂತೆ ಮುಂದೂಡಿಕೆ ಕಾಯ್ದೆಯನ್ನು ಎತ್ತಿಹಿಡಿಯಿತು. ಅಯೋವಾದ ರೈತರಿಗೂ ಅದು ನೆರಳಾಯಿತು.

ಇಷ್ಟೆಲ್ಲ ಆದರೂ ಮನೆ ಇನ್ನೂ ಹೊಲದ ಕಾಗದದೊಳಗೇ ಇತ್ತು. ಹಳ್ಳಿಯ ಮನೆಗೆಂದೇ ಸಾಲ ಎಂಬುದು ಬಂದದ್ದು 1949ರ ವಸತಿ ಕಾಯ್ದೆಯ ಐದನೆಯ ಭಾಗದಲ್ಲಿ. ಅದರ 502ನೇ ಸೆಕ್ಷನ್ ಇಂದಿಗೂ ಅದೇ ಸಂಖ್ಯೆಯಿಂದ ಓಡಾಡುತ್ತದೆ. ಬೇರೆ ಕಡೆ ಸಾಲ ಹುಟ್ಟದವರಿಗೆ ಮನೆ ಕಟ್ಟಲು, ರಿಪೇರಿ ಮಾಡಲು 33 ವರ್ಷದ ಸಾಲ, ಬಡ್ಡಿ ನೂರಕ್ಕೆ 4 ಮೀರದಂತೆ. ಕೊಡುತ್ತಿದ್ದುದು ಫಾರ್ಮರ್ಸ್ ಹೋಮ್ ಅಡ್ಮಿನಿಸ್ಟ್ರೇಷನ್. ಕೌಂಟಿ ಮಟ್ಟದ ಕಚೇರಿ, ಅಲ್ಲೊಬ್ಬ ಮೇಲ್ವಿಚಾರಕ, ಸ್ಥಳೀಯರ ಮೂವರ ಸಮಿತಿ. ಆದರೆ ಕೇಳುವವನು ಹೊಲದ ಒಡೆಯನಾಗಿರಬೇಕು. ಹೊಲವಿಲ್ಲದವನಿಗೆ ಹಳ್ಳಿ ಮನೆ ಯಾಕೆ ಎಂಬುದು ಆಗಿನ ತರ್ಕ.

ಆ ತರ್ಕ ಹನ್ನೆರಡು ವರ್ಷ ನಿಂತಿತು. ಟ್ರ್ಯಾಕ್ಟರುಗಳು ಬಂದವು, ಹೊಲಗಳು ಒಂದಕ್ಕೊಂದು ಸೇರಿ ದೊಡ್ಡದಾದವು, ಜನ ಹೊಲ ಬಿಟ್ಟರು. ಊರು ಬಿಡದವರು ಬೇರೆ ಕೆಲಸ ಹಿಡಿದರು. ಲೆ ಮಾರ್ಸ್‌ನಲ್ಲೇ ನೋಡಿ, 1913ರಲ್ಲಿ ಫ್ರೆಡ್ ವೆಲ್ಸ್ ಎಂಬಾತ ಮನೆ ಮನೆಗೆ ಹಾಲು ಹಾಕುವ ವ್ಯವಹಾರವೊಂದನ್ನು ಕೊಂಡ. ಅದು ಬೆಳೆದು ಐಸ್‌ಕ್ರೀಮ್ ಕಾರ್ಖಾನೆಯಾಯಿತು, ಈಗ ಊರು ತನ್ನನ್ನು ಜಗತ್ತಿನ ಐಸ್‌ಕ್ರೀಮ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಹಾಲು ರಸ್ತೆಗೆ ಸುರಿದ ನಾಡಿನಲ್ಲಿ! ಕಾರ್ಖಾನೆಗೆ ಹೋಗುವವನಿಗೆ ಮನೆ ಬೇಕು, 160 ಎಕರೆ ಬೇಡ. 1961ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಹೊಲವಿಲ್ಲದ ಹಳ್ಳಿಗರಿಗೂ 502ರ ಸಾಲ ಸಿಕ್ಕಿತು. 'ಹಳ್ಳಿ' ಎಂದರೆ ಎಷ್ಟು ದೊಡ್ಡದು ಎಂಬ ಮಿತಿಯೂ ಏರುತ್ತ ಹೋಯಿತು: ಮೊದಲು 2,500 ಜನ, 1965ರಲ್ಲಿ 5,500, 1970ರಲ್ಲಿ 10,000.

ಹಳೆಯ ಭೂತ ಇನ್ನೊಮ್ಮೆ ಎದ್ದದ್ದು 1980ರ ದಶಕದಲ್ಲಿ. ಅಯೋವಾದ ಸರಾಸರಿ ಜಮೀನಿನ ಬೆಲೆ 1981ರಲ್ಲಿ ಎಕರೆಗೆ 2,147 ಡಾಲರ್ ಇದ್ದದ್ದು 1986ಕ್ಕೆ 787. ಈ ಸಲ ಮುಟ್ಟುಗೋಲು ಹಾಕುವವರ ಸಾಲಿನಲ್ಲಿ ಆ ಸರ್ಕಾರಿ ಫಾರ್ಮರ್ಸ್ ಹೋಮ್ ಕಚೇರಿಯೂ ಇತ್ತು. ಕಷ್ಟದಲ್ಲಿರುವವರ ಕಂತನ್ನು ಮುಂದೂಡಬಹುದು ಎಂಬ ಕಾನೂನು ಇದ್ದರೂ ಅದನ್ನು ರೈತರಿಗೆ ತಿಳಿಸದೆ ಮುಟ್ಟುಗೋಲು ಹಾಕುತ್ತಿದ್ದಾರೆಂದು ಉತ್ತರ ಡಕೋಟಾದ ವಕೀಲೆ ಸಾರಾ ವೋಗೆಲ್ ದಾವೆ ಹೂಡಿ, 1983ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ತಡೆಯಾಜ್ಞೆ ತಂದರು. 1985ರ ಅಕ್ಟೋಬರಿನಲ್ಲಿ ಅಯೋವಾದ ಗವರ್ನರ್ ಟೆರಿ ಬ್ರಾನ್‌ಸ್ಟಡ್ ಆರ್ಥಿಕ ತುರ್ತುಸ್ಥಿತಿ ಘೋಷಿಸಿ, ಮುಟ್ಟುಗೋಲು ಮುಂದೂಡುವ ಕಾನೂನನ್ನು ಮತ್ತೆ ಬಳಕೆಗೆ ತಂದರು.

ಆ ಬಿಕ್ಕಟ್ಟಿನ ನಡುವೆ ಅಯೋವಾ ಒಂದು ಸಣ್ಣ ಕಾನೂನು ಮಾಡಿಕೊಂಡಿತು. ದೊಡ್ಡ ಸುದ್ದಿಯಾಗುವಂಥದ್ದಲ್ಲ. ಕೃಷಿ ಜಮೀನು ಹರಾಜಿಗೆ ಬಂದಾಗ ರೈತ ಅದರಲ್ಲಿ ತನ್ನ ವಾಸದ ಮನೆಯ ಭಾಗ ಯಾವುದು ಎಂದು ಕೋರ್ಟಿಗೆ ಗುರುತು ಮಾಡಿ ಹೇಳಬಹುದು. ಅದರ ಮಾರುಕಟ್ಟೆ ಬೆಲೆಯನ್ನು ಬೇರೆಯಾಗಿ ಕಟ್ಟುತ್ತಾರೆ. ಅಷ್ಟನ್ನು ಕಟ್ಟಿದರೆ, ಇಡೀ ಸಾಲ ತೀರಿಸದೆಯೂ, ಮನೆಯನ್ನು ಬಿಡಿಸಿಕೊಳ್ಳಬಹುದು. ಕ್ಲೋಸ್ ಸಹೋದರರ ಕಾಲದಿಂದ ಒಂದೇ ಕಾಗದದಲ್ಲಿದ್ದ ಮನೆ ಮತ್ತು ಹೊಲದ ನಡುವೆ ಕೊನೆಗೂ ಒಂದು ಗೆರೆ ಬಿತ್ತು. ಗೆರೆ ಎಳೆದರೆ ಸಾಲದು, ಬೆಲೆ ಕಟ್ಟಲು ಹಣ ಬೇಕು. ಎಲ್ಲ ಕಳೆದುಕೊಂಡವನಿಗೆ ಆ ಹಣ ಎಲ್ಲಿಂದ ಬರಬೇಕು ಎಂದು ಕಾನೂನು ಹೇಳುವುದಿಲ್ಲ.

ಈಗ ಈ ಭಾಗದಲ್ಲಿ ಹೊಲದಿಂದ ಬೇರ್ಪಟ್ಟ ಮನೆಗಳಿಗೆ ಒಂದು ಹೆಸರೇ ಇದೆ, 'ಎಕರೇಜ್'. ಕೆಲವೇ ಎಕರೆ, ಒಂದು ಹಳೆಯ ಮನೆ, ಗಾಳಿ ತಡೆಯಲು ಯಾರೋ ಹಿಂದೆ ನೆಟ್ಟ ಮರಗಳ ಸಾಲು, ಸುತ್ತ ಬೇರೆಯವರ ಮೆಕ್ಕೆಜೋಳ. ಅಲ್ಲಿ ವಾಸಿಸುವವರು ಬೆಳಿಗ್ಗೆ ಕಾರು ಹತ್ತಿ ಲೆ ಮಾರ್ಸ್‌ಗೋ ಸೂ ಸಿಟಿಗೋ ಕೆಲಸಕ್ಕೆ ಹೋಗುತ್ತಾರೆ. ಫಾರ್ಮರ್ಸ್ ಹೋಮ್ 1994ರಲ್ಲಿ ಮುಚ್ಚಿತು, ಅದರ ಮನೆ ಸಾಲ ಕೃಷಿ ಇಲಾಖೆಯಲ್ಲೇ ಇನ್ನೊಂದು ವಿಭಾಗಕ್ಕೆ ಹೋಯಿತು. ಕಡಿಮೆ ಆದಾಯದವರಿಗೆ ಇಲಾಖೆಯೇ ನೇರವಾಗಿ 33 ವರ್ಷಕ್ಕೆ, ತೀರಾ ಕಡಿಮೆ ಇದ್ದವರಿಗೆ 38 ವರ್ಷಕ್ಕೆ ಸಾಲ ಕೊಡುತ್ತದೆ. ಸಹಾಯಧನ ಸೇರಿ ಬಡ್ಡಿ ನೂರಕ್ಕೆ 1ರವರೆಗೂ ಇಳಿಯಬಹುದು, ಮುಂದೆ ಮನೆ ಮಾರಿದರೆ ಆ ಸಹಾಯಧನದಲ್ಲಿ ಒಂದು ಪಾಲನ್ನು ಹಿಂದಿರುಗಿಸಬೇಕಾಗಬಹುದು. ಅರ್ಜಿ ಹಾಕುವವರಿಗೆ ಇಲಾಖೆ ಇಡುವ ಷರತ್ತುಗಳಲ್ಲಿ ಒಂದು, 1949ರಲ್ಲಿ ಹೊಲದ ಒಡೆತನ ಕೇಳುತ್ತಿದ್ದ ಅದೇ 502ನೇ ಸೆಕ್ಷನ್‌ನ ಕೆಳಗೆ, ಹೀಗಿದೆ: ಆ ಜಾಗದಲ್ಲಿ ಆದಾಯ ತರುವ ಹೊಲವಾಗಲಿ ಕೊಟ್ಟಿಗೆಯಾಗಲಿ ಇರಬಾರದು.